ದಮ್ಮಾಮಿನ ಧೂಳು, ಕುದುರೆಮುಖದ ಹೊಗೆ

ನನ್ನ ಕಸುಬು ತಾರಸಿಯ ಮೇಲಿನದು. ಉಡುಪಿ, ಕಾಪು, ಕಾರ್ಕಳ ಸುತ್ತಿನ ಮನೆಗಳ ಸೋಲಾರ್ ಪ್ಯಾನಲ್ ತೊಳೆಯುವುದು, ಇನ್‌ವರ್ಟರ್ ನೋಡುವುದು, ಇಲಿ ಕಡಿದ ವಯರ್ ಬದಲಿಸುವುದು, ಕೊನೆಗೆ ‘ಈ ತಿಂಗಳು ಯೂನಿಟ್ ಯಾಕೆ ಇಳಿಯಿತು’ ಎಂಬ ಪ್ರಶ್ನೆಗೆ ಉತ್ತರ ಕೊಡುವುದು. ಮೊದಲ ಮೂರಕ್ಕೆ ಏಣಿ, ಟೆಸ್ಟರ್, ಬಾಲ್ದಿ ಸಾಕು. ನಾಲ್ಕನೆಯದಕ್ಕೆ ಉಪಗ್ರಹ ಚಿತ್ರ ಓದಲು ಕಲಿಯಬೇಕಾಯಿತು.

ಆ ದಾರಿಗೆ ಹಚ್ಚಿದವರು ಕುಂಜಿಬೆಟ್ಟಿನ ಒಬ್ಬ ನಿವೃತ್ತ ಟೀಚರ್. ಅವರಿಗೆ ಉಪಗ್ರಹದ ವಿಷಯ ಗೊತ್ತಿಲ್ಲ, ಲೆಕ್ಕ ಗೊತ್ತು. ದಿನವೂ ಸಂಜೆ ಇನ್‌ವರ್ಟರಿನ ಅಂಕಿಯನ್ನು ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಬರೆದಿಡುತ್ತಾರೆ. ಒಂದು ಫೆಬ್ರುವರಿಯಲ್ಲಿ ನನ್ನನ್ನು ಕರೆಸಿ ಆ ಪುಸ್ತಕ ಬಿಡಿಸಿದರು. ಆರು ದಿನಗಳಿಂದ ಅಂಕಿ ಇಳಿದೇ ಇತ್ತು. “ಎಂತ ಮಾರಾಯ, ಮೋಡ ಇಲ್ಲ, ಮಳೆ ಇಲ್ಲ, ಸೂರ್ಯ ಅಲ್ಲೇ ಇದ್ದಾನೆ. ಕರೆಂಟು ಎಲ್ಲಿ ಹೋಯಿತು?” ಎಂದರು. ಪ್ಯಾನಲ್ ಕೊಳೆಯಾಗಿರಬೇಕು ಎಂದೆ. “ನೀನೇ ಹೋದ ವಾರ ತೊಳೆದು ದುಡ್ಡು ತೆಗೆದುಕೊಂಡು ಹೋದದ್ದಲ್ಲವೋ?” ಎಂದರು. ಹೌದು, ತೊಳೆದಿದ್ದೆ.

ಮೊಬೈಲಿನಲ್ಲಿ ಆ ಆರು ದಿನಗಳ ವಿದ್ಯುತ್ ಉತ್ಪಾದನೆಯ ಗೆರೆ ತೆರೆದು ನೋಡಿದೆ. ಶುಭ್ರ ಬಿಸಿಲಿನ ದಿನ ಈ ಗೆರೆ ಕವುಚಿಟ್ಟ ಬಾಣಲೆಯ ಹಾಗೆ ನುಣ್ಣಗಿರುತ್ತದೆ. ಮೋಡ ಬಂದು ಹೋಗುವ ದಿನ ಗರಗಸದ ಹಲ್ಲಾಗುತ್ತದೆ. ಗಾಜಿನ ಮೇಲೆ ಕೊಳೆ ಕೂತಿದ್ದರೆ ಬಾಣಲೆ ನುಣ್ಣಗೇ ಇದ್ದು ಎತ್ತರ ಮಾತ್ರ ತಗ್ಗುತ್ತದೆ. ತೊಳೆಯುವ ತನಕ ತಗ್ಗಿಯೇ ಇರುತ್ತದೆ. ಟೀಚರ್ ಮನೆಯ ಗೆರೆ ಈ ಮೂರರಲ್ಲಿ ಯಾವುದೂ ಅಲ್ಲ. ಬೆಳಗ್ಗೆ ನುಣ್ಣಗೆ ತಗ್ಗಿತ್ತು, ಮಧ್ಯಾಹ್ನ ಒಂದು ಗಂಟೆಯ ನಂತರ ಹೆಚ್ಚುಕಡಿಮೆ ಸರಿಯಿತ್ತು. ಕೊಳೆ ಮಧ್ಯಾಹ್ನ ಎದ್ದು ಹೋಗಿ ಮರುದಿನ ಬೆಳಗ್ಗೆ ಬಂದು ಕೂರುವುದಿಲ್ಲ.

ತಲೆ ಎತ್ತಿ ಪೂರ್ವಕ್ಕೆ ನೋಡಿದೆ. ಮಳೆಗಾಲ ಮುಗಿದ ಹೊಸತರಲ್ಲಿ ಅವರ ತಾರಸಿಯಿಂದ ಘಟ್ಟದ ನೀಲಿ ಗೆರೆ ಕಾಣುತ್ತದೆ. ಅಂದು ಮಣಿಪಾಲದ ಗುಡ್ಡದಾಚೆ ಏನೂ ಇರಲಿಲ್ಲ, ಅಕ್ಕಿ ತೊಳೆದ ನೀರಿನಂಥ ಬಿಳುಪು ಮಾತ್ರ. ಗಾಳಿಯಲ್ಲಿ ಸುಟ್ಟ ಹುಲ್ಲಿನ ತೆಳು ವಾಸನೆ. ಪ್ಯಾನಲ್ ಸರಿಯಿತ್ತು, ಸೂರ್ಯನಿಗೂ ಪ್ಯಾನಲಿಗೂ ನಡುವೆ ಏನೋ ಇತ್ತು. ಅದೇನೆಂದು ತೋರಿಸದ ಹೊರತು ಟೀಚರ್ ಒಪ್ಪುವವರಲ್ಲ.

ಆ ರಾತ್ರಿ ನಾಸಾದ ವರ್ಲ್ಡ್‌ವ್ಯೂ ಎಂಬ ಜಾಲತಾಣ ತೆರೆದೆ. ಅದಕ್ಕೆ ಹಣ ಬೇಡ, ಹೆಸರು ನೋಂದಾಯಿಸಬೇಕೆಂದೂ ಇಲ್ಲ. ದಿನಾಂಕ ಹಾಕಿದರೆ ಅಂದಿನ ಭೂಮಿಯ ಚಿತ್ರ ಬರುತ್ತದೆ. ಕರಾವಳಿಯನ್ನು ಹಿಗ್ಗಿಸಿ ನೋಡಿದಾಗ ಅರಬ್ಬಿ ಸಮುದ್ರದ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಬೆಳ್ಳಗಿನ ಅಗಲ ಪಟ್ಟಿಯೊಂದು ಕಂಡಿತು. ಸಿಕ್ಕಿತು ಕಳ್ಳ ಎಂದುಕೊಂಡೆ. ಚಿತ್ರ ತೆಗೆದು, ‘ಸಮುದ್ರದ ಮೇಲೆ ಭಾರೀ ಹೊಗೆ’ ಎಂದು ಬರೆದು, ನಮ್ಮ ಕಸುಬಿನವರ ವಾಟ್ಸ್‌ಆ್ಯಪ್ ಬಳಗಕ್ಕೆ ಹಾಕಿಯೂ ಬಿಟ್ಟೆ.

ಅದು ಹೊಗೆಯಲ್ಲ, ನೀರಿನ ಮೇಲೆ ಹೊಳೆದ ಬಿಸಿಲು. ಸಂಜೆ ಮಲ್ಪೆಯಲ್ಲಿ ನಿಂತರೆ ಕಡಲ ಮೇಲೆ ಕಾಣುವ ಹೊಳಪಿನ ದಾರಿಯೇ ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಹೀಗೆ ಅಗಲ ಪಟ್ಟಿಯಾಗಿ ಕಾಣುತ್ತದೆ. ಇದನ್ನು ಹಿಡಿಯುವ ಉಪಾಯ ಸುಲಭ. ಟೆರಾ ಎಂಬ ಉಪಗ್ರಹ ಬೆಳಗಿನ ಹೊತ್ತು ನಮ್ಮ ಮೇಲೆ ಹಾದುಹೋಗುತ್ತದೆ, ಆಕ್ವಾ ಮಧ್ಯಾಹ್ನದ ಮೇಲೆ. ಎರಡರ ಚಿತ್ರಗಳನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ಬಿಸಿಲಿನ ಪಟ್ಟಿ ಉಪಗ್ರಹದ ಜೊತೆಗೇ ಜಾಗ ಬದಲಿಸುತ್ತದೆ. ಹೊಗೆ ಅಥವಾ ಧೂಳಾದರೆ ಮೂರು ಗಂಟೆಗಳಲ್ಲಿ ಗಾಳಿ ಒಯ್ದಷ್ಟೇ ಸರಿಯುತ್ತದೆ. ನನ್ನ ‘ಭಾರೀ ಹೊಗೆ’ ಮೂರು ಗಂಟೆಗಳಲ್ಲಿ ನೂರಾರು ಕಿಲೋಮೀಟರ್ ಜಿಗಿದಿತ್ತು. ಬಳಗದಲ್ಲಿ ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಉಪಗ್ರಹಗಳ ಬಗ್ಗೆ ಒಂದು ಮಾತು. ಟೆರಾ 1999ರ ಡಿಸೆಂಬರಿನಲ್ಲಿ ಹಾರಿದ್ದು, ಆಕ್ವಾ 2002ರ ಮೇ ತಿಂಗಳಿನಲ್ಲಿ. ಎರಡಕ್ಕೂ ವಯಸ್ಸಾಗಿದೆ. ಇಂಧನ ತೀರುತ್ತಿರುವುದರಿಂದ ಪಥವನ್ನು ಮೊದಲಿನಂತೆ ಸರಿಪಡಿಸುವುದನ್ನು ನಿಲ್ಲಿಸಿದ್ದಾರೆ. ಹತ್ತೂವರೆ, ಒಂದೂವರೆ ಎಂದು ಗಡಿಯಾರ ಹಿಡಿದು ಬರುತ್ತಿದ್ದವು ಈಗ ಹೊತ್ತು ತಪ್ಪುತ್ತಿವೆ. ಅವುಗಳ ಕೆಲಸವನ್ನು ಈಗ ಹೆಚ್ಚಾಗಿ ಮಾಡುತ್ತಿರುವುದು ಸುವೋಮಿ ಎನ್‌ಪಿಪಿ, ನೋವಾ-20, ನೋವಾ-21 ಎಂಬ ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಎಂಬ ಉಪಕರಣ. ಈ ಮೂರೂ ಹಗಲು ಸುಮಾರು ಒಂದೂವರೆಗೆ, ರಾತ್ರಿ ಸುಮಾರು ಒಂದೂವರೆಗೆ ಬರುತ್ತವೆ. ಈ ‘ಒಂದೂವರೆ’ ನನಗೆ ಕೊಟ್ಟ ಕಾಟವನ್ನು ಮುಂದೆ ಹೇಳುತ್ತೇನೆ.

ಇನ್ನೊಂದು ಕಾಟ ಗಡಿಯಾರದ್ದು. ಚಿತ್ರಗಳ ಮೇಲೆ ಇರುವುದು ಯುಟಿಸಿ ಎಂಬ ಜಾಗತಿಕ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. 0200 ಎಂದಿದ್ದರೆ ನಮ್ಮಲ್ಲಿ ಬೆಳಗ್ಗೆ ಏಳೂವರೆ. ಮೊದಲ ತಿಂಗಳು ನಾನು ಇದನ್ನು ಮರೆತು, ಬೆಳಗಿನ ಹೊಗೆಯನ್ನು ನಡುರಾತ್ರಿಯದೆಂದು ತಿಳಿದು ತಲೆ ಕೆಡಿಸಿಕೊಂಡಿದ್ದೆ. ಈಗ ಮೇಜಿನ ಗೋಡೆಯ ಮೇಲೆ ಎರಡು ಗಡಿಯಾರಗಳಿವೆ. ಒಂದು ಐದೂವರೆ ಗಂಟೆ ಹಿಂದೆ. ಮನೆಗೆ ಬಂದವರೆಲ್ಲ ‘ಅದು ನಿಂತಿದೆ’ ಎನ್ನುತ್ತಾರೆ.

ಹೊಗೆಯನ್ನು ಕಣ್ಣು ಹಿಡಿಯಲು ಅಭ್ಯಾಸ ಬೇಕು. ಮೋಡ ಬೆಳ್ಳಗೆ, ಅಂಚು ಗಟ್ಟಿ. ಹೊಗೆ ನೀಲಿ ಬೆರೆತ ಬೂದು, ಅಂಚು ಇಲ್ಲ. ಆದರೆ ಹುಟ್ಟುವ ಜಾಗ ಮೊಂಬತ್ತಿಯ ಬತ್ತಿಯಂತೆ ಚೂಪು, ಅಲ್ಲಿಂದ ಗಾಳಿಯ ಕಡೆಗೆ ಬೀಸಣಿಗೆಯಾಗಿ ಹರಡುತ್ತದೆ. ಧೂಳು ಕಂದು, ಒಮ್ಮೊಮ್ಮೆ ಹಾಲು ಹೆಚ್ಚಾದ ಕಾಫಿಯ ಬಣ್ಣ. ಮರಳುಗಾಡಿನ ಮೇಲೆ ಧೂಳನ್ನು ಗುರುತಿಸುವುದು ಕಷ್ಟ, ನೆಲವೂ ಅದೇ ಬಣ್ಣ. ಕಪ್ಪು ಸಮುದ್ರದ ಮೇಲೆ ಬಂತೋ, ಅಡಗಿಕೊಳ್ಳಲು ಜಾಗವಿಲ್ಲ.

ಸಂಶಯ ಬಂದರೆ ಇನ್ನೊಂದು ದಾರಿ ಇದೆ. ಹೊಗೆಯ ಕಣ ತೀರಾ ಸಣ್ಣದು, ಹೆಚ್ಚಾಗಿ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ, ಕಡಿಮೆ. ಅದು ನೀಲಿ ಬೆಳಕನ್ನು ಚದುರಿಸುತ್ತದೆ, ಆದರೆ 2.1 ಮೈಕ್ರಾನ್ ತರಂಗಾಂತರದ, ಕಣ್ಣಿಗೆ ಕಾಣದ ಅವಗೆಂಪು ಬೆಳಕಿಗೆ ಹೆಚ್ಚು ಅಡ್ಡಬರುವುದಿಲ್ಲ. ವರ್ಲ್ಡ್‌ವ್ಯೂದಲ್ಲಿ 7-2-1 ಎಂಬ ಬಣ್ಣಗೂಡಿಕೆ ಆರಿಸಿದರೆ ಹೊಗೆ ಕರಗಿಹೋಗಿ ಅದರ ಅಡಿಯ ನೆಲ ಕಾಣುತ್ತದೆ. ಸುಟ್ಟ ಜಾಗ ಇಟ್ಟಿಗೆಯ ಕೆಂಪಾಗಿ ಎದ್ದು ನಿಲ್ಲುತ್ತದೆ. ಧೂಳಿನ ಕಣ ದೊಡ್ಡದು, ಅದು ಅಷ್ಟು ಸುಲಭವಾಗಿ ಕರಗದು. ಎರಡೂ ಚಿತ್ರಗಳನ್ನು ಅತ್ತಿತ್ತ ಬದಲಿಸಿ ನೋಡಿ, ಮಾಯವಾದರೆ ಹೊಗೆ. ಈ ಒಂದು ಆಟವನ್ನು ಟೀಚರ್‌ಗೆ ತೋರಿಸಿದ ದಿನ ಅವರು ಕನ್ನಡಕ ಒರೆಸಿಕೊಂಡು ನಾಲ್ಕು ಸಲ ಮಾಡಿಸಿ ನೋಡಿದರು.

ಇನ್ನು ಬೆಂಕಿಯ ಚುಕ್ಕಿಗಳು. ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಉಪಗ್ರಹ ನೋಡಿದ ಸುಮಾರು ಮೂರು ಗಂಟೆಗಳೊಳಗೆ ಕೆಂಪು ಚುಕ್ಕಿಗಳು ಬೀಳುತ್ತವೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯೂ ಕಾಡ್ಗಿಚ್ಚಿನ ಎಚ್ಚರಿಕೆ ಕೊಡುತ್ತದೆ. ಸಾಮಾನ್ಯರೂ ಮೊಬೈಲ್ ಸಂಖ್ಯೆ ನೋಂದಾಯಿಸಿಕೊಳ್ಳಬಹುದು. ಚುಕ್ಕಿ ಕಂಡ ತಕ್ಷಣ ‘ಅಷ್ಟು ದೊಡ್ಡ ಬೆಂಕಿ’ ಎಂದು ಹೆದರಬೇಕಿಲ್ಲ. ವಿಐಐಆರ್‌ಎಸ್‌ನ ಒಂದು ಚುಕ್ಕಿ ಎಂದರೆ 375 ಮೀಟರಿನ ಚೌಕದ ನಡುಬಿಂದು. ಆ ಚೌಕದೊಳಗೆ ಎಲ್ಲೋ ಬಿಸಿ ಇದೆ ಎಂದಷ್ಟೇ ಅದರ ಅರ್ಥ. ತೈಲ ಸಂಸ್ಕರಣಾಗಾರದ ಜ್ವಾಲೆಯೂ ಚುಕ್ಕಿಯಾಗಬಹುದು. ಕರಾವಳಿಯ ಒಂದೇ ಜಾಗದಲ್ಲಿ ರಾತ್ರಿ ರಾತ್ರಿ ಚುಕ್ಕಿ ಕಂಡು ನಾನು ‘ಅಲ್ಲಿ ಯಾವ ಕಾಡು?’ ಎಂದು ಬೆರಗಾಗಿದ್ದೆ. ಕಾಡಲ್ಲ, ಚಿಮಣಿ.

ಚುಕ್ಕಿ ಇಲ್ಲದಿದ್ದರೆ ಬೆಂಕಿ ಇಲ್ಲ ಎಂದೂ ಅಲ್ಲ. 2023 ನೆನಪಿರಬಹುದು. ಆ ಫೆಬ್ರುವರಿಯ ಹಗಲಿನ ತಾಪಮಾನ ದೇಶದ ಸರಾಸರಿಯಲ್ಲಿ 1901ರಿಂದೀಚೆಗಿನ ಫೆಬ್ರುವರಿಗಳಲ್ಲೇ ಅತಿ ಹೆಚ್ಚು. ಮಾರ್ಚ್ ಮೊದಲ ವಾರ ಗೋವಾದ ಮಹದಾಯಿ ಅಭಯಾರಣ್ಯ ಹತ್ತಿಕೊಂಡಿತು. ನಮ್ಮ ಕಡೆಯ ಘಟ್ಟದಲ್ಲೂ ಅಲ್ಲಲ್ಲಿ ಬೆಂಕಿ. ನನ್ನ ಜೊತೆ ಕೆಲಸ ಮಾಡುವ ಹುಡುಗನ ಮನೆ ಕಾರ್ಕಳ ತಾಲ್ಲೂಕಿನ ಮಾಳದ ಹತ್ತಿರ, ಕುದುರೆಮುಖ ಘಟ್ಟದ ಬುಡದಲ್ಲಿ. ಒಂದು ಬೆಳಗ್ಗೆ ಬಂದವನೇ “ನಿನ್ನೆ ಸಂಜೆ ನಮ್ಮ ಮೇಲಿನ ಬೋಳುಗುಡ್ಡ ಇಡೀ ಉರಿಯಿತು, ಅಣ್ಣ” ಎಂದ. ನಾನು ನಕ್ಷೆ ತೆರೆದು ತೋರಿಸಿದೆ: ಚುಕ್ಕಿಯೇ ಇಲ್ಲ. ಅವನು ನಕ್ಷೆಯನ್ನೂ ನನ್ನನ್ನೂ ಒಂದೇ ಥರ ನೋಡಿದ.

ಲೆಕ್ಕ ಹಾಕಿದರೆ ಉತ್ತರ ಸರಳ. ಹುಲ್ಲಿನ ಬೆಂಕಿ ಸಂಜೆ ಐದಕ್ಕೆ ಹತ್ತಿ, ಗಾಳಿಗೆ ಓಡಿ, ರಾತ್ರಿ ಹತ್ತರೊಳಗೆ ಆರಿಹೋಗಿತ್ತು. ಉಪಗ್ರಹ ಬಂದದ್ದು ಹಗಲು ಒಂದೂವರೆಗೆ ಮತ್ತು ನಡುರಾತ್ರಿ ಒಂದೂವರೆಗೆ. ದಟ್ಟ ಕಾಡಿನ ಅಡಿಯಲ್ಲಿ ತರಗೆಲೆ ತಿನ್ನುತ್ತಾ ನಿಧಾನವಾಗಿ ಹೋಗುವ ಬೆಂಕಿಯನ್ನಂತೂ ಮರಗಳ ತಲೆಯೇ ಮುಚ್ಚಿಬಿಡುತ್ತದೆ. ಕೆಲವು ದಿನ ಬಿಟ್ಟು ಸೆಂಟಿನೆಲ್-2ರ ಚಿತ್ರ ಬಂತು. ಇದು ಯುರೋಪಿನವರ ಉಪಗ್ರಹ ಜೋಡಿ, ಐದು ದಿನಕ್ಕೊಮ್ಮೆ ಬಂದರೂ ಹತ್ತು ಮೀಟರಿನಷ್ಟು ಸೂಕ್ಷ್ಮವಾಗಿ ನೋಡುತ್ತದೆ. ಹುಡುಗ ಹೇಳಿದ ಗುಡ್ಡದ ನೆತ್ತಿಯ ಮೇಲೆ ಕಪ್ಪು ಕಂದು ಕಲೆ. ಅದರ ನಡುವೆ ಕಣಿವೆಯ ಶೋಲಾ ಕಾಡು ಹಸಿರಾಗಿಯೇ ಉಳಿದಿತ್ತು, ದೋಸೆಯ ಹೊತ್ತಿದ ಅಂಚಿನೊಳಗೆ ಹಸಿ ಹಿಟ್ಟು ಉಳಿದ ಹಾಗೆ. ಅಂದಿನಿಂದ ಹುಡುಗನ ಮಾತಿಗೆ ನಕ್ಷೆಗಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಈಗ ಟೀಚರ್ ಮನೆಯ ಬೆಳಗಿನ ತಗ್ಗಿಗೆ ಬರುತ್ತೇನೆ. ಇದರಲ್ಲೇ ನಾನು ಹೆಚ್ಚು ದಿನ ಮುಳುಗಿದ್ದು.

ಒಂದೂವರೆಯ ಚಿತ್ರದಲ್ಲಿ ಉಡುಪಿಯ ಮೇಲೆ ಆಕಾಶ ಶುಭ್ರ. ಆದರೆ ಅದೇ ದಿನ ಬೆಳಗ್ಗೆ ಏಳಕ್ಕೆ ಟೀಚರ್ ಕೆಮ್ಮುತ್ತಾ ಕಿಟಕಿ ಮುಚ್ಚಿದ್ದಾರೆ. ಯಾರದು ಸುಳ್ಳು? ಯಾರದೂ ಅಲ್ಲ. ಕರಾವಳಿಯಲ್ಲಿ ರಾತ್ರಿ ನೆಲ ಬೇಗ ತಣಿಯುತ್ತದೆ. ಘಟ್ಟದ ಇಳಿಜಾರಿನ ತಂಪು ಗಾಳಿ ಕೆಳಗಿಳಿದು ಸಮುದ್ರದ ಕಡೆಗೆ ಹೋಗುತ್ತದೆ. ಸಂಜೆ ಗುಡ್ಡದ ಮೇಲೆ ಹುಟ್ಟಿದ ಹೊಗೆ ಈ ನೆಲಗಾಳಿಯ ಜೊತೆ ಹೊಳೆಯ ಕಣಿವೆಗಳಲ್ಲಿ ಇಳಿದು, ಬೆಳಗಾಗುವಾಗ ಊರಿನ ಮೇಲೆ ತೆಳ್ಳಗೆ ಮಲಗಿರುತ್ತದೆ. ಅದಕ್ಕೆ ನಮ್ಮದೇ ಕಾಣಿಕೆಯೂ ಸೇರುತ್ತದೆ: ಅಂಗಳ ಗುಡಿಸಿ ರಾಶಿ ಹಾಕಿ ಸುಡುವ ತರಗೆಲೆ, ತೋಟದ ಸುಡುಮಣ್ಣು, ಬಚ್ಚಲಿನ ಒಲೆ. ಹನ್ನೊಂದರ ಹೊತ್ತಿಗೆ ಕಡಲಗಾಳಿ ಏಳುತ್ತದೆ, ಎಲ್ಲವನ್ನೂ ಪೂರ್ವಕ್ಕೆ ತಳ್ಳುತ್ತದೆ. ಆ ಮೇಲೆ ನಿಧಾನಕ್ಕೆ ಬಂದು ಫೋಟೋ ತೆಗೆಯುವ ಉಪಗ್ರಹಕ್ಕೆ ಗುಡಿಸಿಟ್ಟ ಅಂಗಳ ಮಾತ್ರ ಕಾಣುತ್ತದೆ.

ಇದಕ್ಕೆ ಬೇಕಾದದ್ದು ಹಾದುಹೋಗುವ ಉಪಗ್ರಹವಲ್ಲ, ಒಂದೇ ಕಡೆ ನಿಂತು ನೋಡುವುದು. ನಮ್ಮ ಇಸ್ರೋದ ಇನ್ಸಾಟ್-3ಡಿಆರ್ 2016ರ ಸೆಪ್ಟೆಂಬರಿನಿಂದ, ಇನ್ಸಾಟ್-3ಡಿಎಸ್ 2024ರ ಫೆಬ್ರುವರಿಯಿಂದ ಭೂಸ್ಥಿರ ಕಕ್ಷೆಯಲ್ಲಿವೆ. ಅರ್ಧ ಗಂಟೆಗೊಂದು ಚಿತ್ರ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಒಂದು ಕಿಲೋಮೀಟರಿನ ಸೂಕ್ಷ್ಮತೆ. ಮಾಳದ ಗುಡ್ಡದ ಬೆಂಕಿ ಅದರಲ್ಲಿ ಕಾಣದು. ಆದರೆ ಬೆಳಗಿನ ಓರೆ ಬಿಸಿಲಿನಲ್ಲಿ, ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯಲ್ಲಿ, ತೆಳು ಹೊಗೆಯ ಪದರವೂ ಎದ್ದು ಕಾಣುತ್ತದೆ. ಓರೆ ಬೆಳಕಿನಲ್ಲಿ ಕಿಟಕಿಯ ಗಾಜಿನ ಧೂಳು ಕಾಣುವುದಿಲ್ಲವೇ, ಹಾಗೆ. ಏಳರಿಂದ ಹನ್ನೊಂದೂವರೆಯವರೆಗಿನ ಹತ್ತು ಚಿತ್ರಗಳನ್ನು ಸಾಲಾಗಿ ಓಡಿಸಿದೆ. ಘಟ್ಟದ ಬುಡದಿಂದ ಕಡಲಿನವರೆಗೆ ಹಾಸಿದ್ದ ಬೂದು, ಹತ್ತೂವರೆಯ ಮೇಲೆ ಪಶ್ಚಿಮದ ಅಂಚಿನಿಂದ ತಿಳಿಯಾಗುತ್ತಾ ಹಿಂದೆ ಸರಿಯಿತು. ಪಕ್ಕದಲ್ಲಿ ಇನ್‌ವರ್ಟರಿನ ಗೆರೆ ಇಟ್ಟುಕೊಂಡೆ. ಗೆರೆ ಮೇಲೇಳುವುದಕ್ಕೂ ಬೂದು ಸರಿಯುವುದಕ್ಕೂ ತಾಳೆ ಬಿತ್ತು. ಆ ರಾತ್ರಿ ನಾನು ಊಟಕ್ಕೆ ತಡವಾಗಿ ಎದ್ದದ್ದಕ್ಕೆ ಮನೆಯಲ್ಲಿ ಬೈಗುಳವಾಯಿತು. ಆದರೂ ಹತ್ತು ಸಲ ಓಡಿಸಿ ನೋಡಿದೆ.

ಇದರ ಇನ್ನೊಂದು ಮುಖವೂ ಇದೆ. ಕೆಲವು ದಿನ ಚಿತ್ರದಲ್ಲಿ ಕರಾವಳಿಯೆಲ್ಲ ಬೂದು, ಆದರೆ ನಮ್ಮ ಮೂಗಿಗೆ ಏನೂ ಇಲ್ಲ. ಮೇಲಿನಿಂದ ತೆಗೆದ ಚಿತ್ರಕ್ಕೆ ಎತ್ತರ ಗೊತ್ತಿಲ್ಲ. ಹೊಗೆ ನೆಲಕ್ಕೆ ಅಂಟಿದೆಯೋ, ಎರಡು ಕಿಲೋಮೀಟರ್ ಮೇಲೆ ತೇಲುತ್ತಿದೆಯೋ, ಚಿತ್ರದಲ್ಲಿ ಎರಡೂ ಒಂದೇ. ಇದನ್ನು ಬಿಡಿಸಲು ನಾನು ಅಮೆರಿಕದ ನೋವಾ ಸಂಸ್ಥೆಯ ಹೈಸ್ಪ್ಲಿಟ್ ಎಂಬ ಲೆಕ್ಕಾಚಾರವನ್ನು ಬಳಸುತ್ತೇನೆ. ಜಾಗ, ಹೊತ್ತು, ಎತ್ತರ ಕೊಟ್ಟರೆ ಆ ಗಾಳಿ ಎಲ್ಲಿಂದ ಬಂತು ಎಂದು ಹಿಂದಕ್ಕೆ ಗೆರೆ ಎಳೆದು ತೋರಿಸುತ್ತದೆ. ಉಡುಪಿಯನ್ನು ಕೊಟ್ಟು 100, 500, 1,500 ಮೀಟರ್ ಎಂದು ಮೂರು ಎತ್ತರ ಹಾಕುತ್ತೇನೆ. ಫೆಬ್ರುವರಿಯ ಮಧ್ಯಾಹ್ನ ಕೆಳಗಿನ ಗೆರೆ ಸಮುದ್ರಕ್ಕೆ ಹೋದರೆ, ಮೇಲಿನದು ಘಟ್ಟ ದಾಟಿ ಬಯಲುಸೀಮೆಯ ಕಡೆಗೆ ಹೋಗುವುದು ಸಾಮಾನ್ಯ. ಅಂದರೆ ತಲೆಯ ಮೇಲೆ ಒಳನಾಡಿನ ಹೊಗೆ, ಮೂಗಿನ ಬಳಿ ಕಡಲಿನ ಗಾಳಿ. ಪ್ಯಾನಲಿಗೆ ನಷ್ಟ, ಟೀಚರ್ ಕೆಮ್ಮಿಗೆ ಬಿಡುವು. ಕಡಲಗಾಳಿಯಂಥ ಸಣ್ಣ ಸಂಗತಿಯಲ್ಲಿ ಈ ಲೆಕ್ಕಾಚಾರ ಎಡವುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. 100 ಮೀಟರಿನ ಗೆರೆಗಿಂತ ಬಾವುಟದ ಬಟ್ಟೆಯನ್ನು ನಾನು ಹೆಚ್ಚು ನಂಬುತ್ತೇನೆ.

ಇದಕ್ಕೆ ಜೊತೆಯಾಗಿ ಸೆಂಟಿನೆಲ್-5ಪಿ ಎಂಬ ಉಪಗ್ರಹದ ಅತಿನೇರಳೆ ಸೂಚಿ ಇದೆ. ಬೆಳಕು ಹೀರುವ ಹೊಗೆ, ಧೂಳು ಮೋಡದ ಮೇಲಿದ್ದರೂ ಅದು ಹಿಡಿಯುತ್ತದೆ. ಅದರ ಗುಣವೊಂದಿದೆ: ಪದರ ಎತ್ತರದಲ್ಲಿದ್ದರೆ ಗಟ್ಟಿಯಾಗಿ ಹೇಳುತ್ತದೆ, ನೆಲಕ್ಕೆ ಅಂಟಿದ್ದರೆ ಬಾಯಿ ಬಿಡುವುದಿಲ್ಲ. ಮೊದಲು ನಾನು ಇದನ್ನು ದೋಷ ಎಂದುಕೊಂಡಿದ್ದೆ. ಈಗ ಅದೇ ನನಗೆ ಸುಳಿವು. ಸಾಮಾನ್ಯ ಚಿತ್ರದಲ್ಲಿ ಬೂದು ಇದ್ದು ಸೂಚಿ ಸುಮ್ಮನಿದ್ದರೆ, ಕಿಟಕಿ ಮುಚ್ಚಿಕೊಳ್ಳಿ ಎಂದು ಟೀಚರ್‌ಗೆ ಸಂದೇಶ ಹಾಕುತ್ತೇನೆ.

ಇಷ್ಟು ಹೊಗೆಯ ಕಥೆ. ಧೂಳಿನ ಕಥೆ ಫೋನ್‌ನಿಂದ ಆರಂಭವಾಗುತ್ತದೆ.

ನಮ್ಮ ಕಡೆ ಗಲ್ಫಿನಲ್ಲಿ ಯಾರಾದರೂ ಇಲ್ಲದ ಮನೆ ಹುಡುಕುವುದು ಕಷ್ಟ. ನಮ್ಮ ಭಾವ ಸೌದಿಯ ದಮ್ಮಾಮಿನಲ್ಲಿದ್ದಾರೆ. ಒಂದು ಏಪ್ರಿಲ್‌ನಲ್ಲಿ ಫೋನ್ ಮಾಡಿದವರು “ಇವತ್ತು ಇಲ್ಲಿ ಎದುರಿನ ಕಟ್ಟಡ ಕಾಣುವುದಿಲ್ಲ ಮಾರಾಯ, ಎ.ಸಿ.ಯೊಳಗಿಂದಲೂ ಧೂಳು ಬರುತ್ತದೆ” ಎಂದರು. ಅಲ್ಲಿ ಶಮಾಲ್ ಎಂಬ ವಾಯವ್ಯದ ಗಾಳಿ ಬೀಸುತ್ತದೆ. ಇರಾಕ್, ಸೌದಿಯ ಒಣನೆಲದ ಧೂಳನ್ನು ಎತ್ತಿ ಕೊಲ್ಲಿಯ ಉದ್ದಕ್ಕೂ ಸುರಿಯುತ್ತದೆ. ನಾಲ್ಕನೆಯ ದಿನ ಟೀಚರ್ ಪುಸ್ತಕದಲ್ಲಿ ಅಂಕಿ ಮತ್ತೆ ಇಳಿಯಿತು. ಈ ಸಲ ಗೆರೆಯ ತಗ್ಗು ಇಡೀ ದಿನದ್ದು, ಬೆಳಗಿನದ್ದು ಮಾತ್ರವಲ್ಲ. ಸುಟ್ಟ ವಾಸನೆ ಇಲ್ಲ. ಸೂರ್ಯ ಹಳೆಯ ಎಂಟಾಣೆಯ ಹಾಗೆ ಮಂಕು. ದಮ್ಮಾಮಿನಿಂದ ಉಡುಪಿಗೆ ನೇರ ದೂರ ಸುಮಾರು 3,000 ಕಿಲೋಮೀಟರ್. ಗಂಟೆಗೆ 36 ಕಿಲೋಮೀಟರಿನ ಗಾಳಿಯಾದರೆ ಮೂರೂವರೆ ದಿನ. ಕಾಗದದ ಮೇಲೆ ಇದನ್ನು ಬರೆದು ನೋಡಿ, ಭಾವನ ಫೋನ್ ಇದ್ದರೆ ಸಾಕು, ಉಪಗ್ರಹ ಯಾಕೆ ಎಂದುಕೊಂಡೆ.

ಆ ಅಹಂಕಾರ 2022ರ ಜನವರಿಯಲ್ಲಿ ಇಳಿಯಿತು. 22ರಂದು ಕರಾಚಿಯಲ್ಲಿ ಧೂಳಿನ ಬಿರುಗಾಳಿ. 23ರ ಭಾನುವಾರ ಮುಂಬೈಯ ಆಕಾಶ ಬೂದಿ ಬಳಿದ ಹಾಗೆ. ವರ್ಲ್ಡ್‌ವ್ಯೂದಲ್ಲಿ ಅರಬ್ಬಿ ಸಮುದ್ರದ ಉತ್ತರ ಭಾಗದ ಮೇಲೆ ಕಂದು ನಾಲಗೆ ಚಾಚಿತ್ತು. ನಾನು ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆದು, ಮುಂಬೈಯಿಂದ ಉಡುಪಿಗೆ ಇಷ್ಟು ದೂರ, ಹಾಗಾದರೆ ಮಂಗಳವಾರ ಎಂದು ಬಳಗದಲ್ಲಿ ಘೋಷಿಸಿದೆ. ಇಬ್ಬರು ಪ್ಯಾನಲ್ ತೊಳೆಯುವ ಕೆಲಸವನ್ನು ಬುಧವಾರಕ್ಕೆ ಮುಂದೂಡಿದರು. ಮಂಗಳವಾರ ಬಂತು. ಬಾಣಲೆ ನುಣ್ಣಗೆ, ತುಂಬು ಎತ್ತರ. ಬುಧವಾರವೂ ಹಾಗೆಯೇ. ನನ್ನ ಕಣ್ಣಿಗಾಗಲಿ ಇನ್‌ವರ್ಟರಿಗಾಗಲಿ ಏನೂ ತಟ್ಟಲಿಲ್ಲ. ಧೂಳು ಸ್ಕೇಲಿನ ಮೇಲೆ ಬರುವುದಿಲ್ಲ, ಗಾಳಿಯ ಮೇಲೆ ಬರುತ್ತದೆ. ಅಂದು ನಾನು ಗಾಳಿಯನ್ನು ನೋಡಿಯೇ ಇರಲಿಲ್ಲ. ಬಳಗದಲ್ಲಿ ಇಂದಿಗೂ ಯಾರಿಗಾದರೂ ಕೆಲಸ ಮುಂದೂಡಬೇಕಾದರೆ ‘ಮಂಗಳವಾರ ಧೂಳು ಬರುತ್ತದಂತೆ’ ಎನ್ನುತ್ತಾರೆ.

ಆಮೇಲೆ ಯುರೋಪಿನ ಮೆಟಿಯೋಸ್ಯಾಟ್ ಚಿತ್ರಗಳನ್ನು ಹಿಡಿದೆ. ಹಿಂದೂ ಮಹಾಸಾಗರದ ಭಾಗಕ್ಕೆಂದು ನಿಲ್ಲಿಸಿರುವ ಒಂದು ಉಪಗ್ರಹ ಹದಿನೈದು ನಿಮಿಷಕ್ಕೊಮ್ಮೆ ಅರೇಬಿಯಾದಿಂದ ನಮ್ಮವರೆಗೂ ನೋಡುತ್ತದೆ. 2022ರಿಂದ ಆ ಕೆಲಸ ಮೆಟಿಯೋಸ್ಯಾಟ್-9ರದ್ದು. ಅದರ ‘ಡಸ್ಟ್’ ಚಿತ್ರದಲ್ಲಿ ಧೂಳು ರಾಣಿ ಬಣ್ಣದ ಸೀರೆಯಂತೆ ಗಾಢ ಗುಲಾಬಿ. ಅದರ ಗುಟ್ಟು ಶಾಖದಲ್ಲಿದೆ. ಮರಳಿನ ಕಣ 10.8 ಮೈಕ್ರಾನಿನ ಅವಗೆಂಪನ್ನು 12 ಮೈಕ್ರಾನಿನದಕ್ಕಿಂತ ಹೆಚ್ಚು ಹೀರುತ್ತದೆ. ತೆಳು ಹಿಮಮೋಡದ್ದು ಇದಕ್ಕೆ ತಿರುಗಾಮುರುಗಾ. ಎರಡರ ವ್ಯತ್ಯಾಸ ತೆಗೆದು ಕೆಂಪು ಬಣ್ಣ ಕೊಟ್ಟರೆ ಧೂಳು ಮೋಡದಿಂದ ಬೇರೆಯಾಗುತ್ತದೆ. ಶಾಖವಾದ್ದರಿಂದ ರಾತ್ರಿಯೂ ನಡೆಯುತ್ತದೆ. ಹಗಲಿನ ಫೋಟೋ ಹನ್ನೆರಡು ಗಂಟೆ ಕುರುಡಾಗಿದ್ದಾಗ ಇದೊಂದೇ ಗತಿ.

ಇದರಲ್ಲೂ ಒಂದು ಹೊಂಡ ಇದೆ, ನಾನು ಬಿದ್ದೆ. ಒಮಾನಿನ ಕರೆ ಬಿಟ್ಟು ಹೊರಟ ಗುಲಾಬಿ ನಡುಸಮುದ್ರಕ್ಕೆ ಬಂದಂತೆ ನೇರಳೆಯಾಗಿ, ನಮ್ಮ ಕಡೆ ತಿರುಗುವಾಗ ಮಾಸಿಯೇ ಹೋಯಿತು. ಸಮುದ್ರಕ್ಕೆ ಬಿದ್ದಿತು ಎಂದು ನೆಮ್ಮದಿಯಿಂದ ಮಲಗಿದೆ. ಎರಡು ದಿನ ಬಿಟ್ಟು ಪ್ಯಾನಲ್ ಒರೆಸಿದರೆ ಬಟ್ಟೆ ಹಳದಿ. ಆದದ್ದಿಷ್ಟು: ನಮ್ಮ ಕಡಲಿನ ಮೇಲಿನ ಗಾಳಿ ನೀರಾವಿಯಿಂದ ತುಂಬಿರುತ್ತದೆ. ಆ ಎರಡು ತರಂಗಾಂತರಗಳ ವ್ಯತ್ಯಾಸವನ್ನು ನೀರಾವಿ ಧೂಳಿಗೆ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಧೂಳು ಹೋಗಿರಲಿಲ್ಲ, ಬಣ್ಣ ಹೋಗಿತ್ತು. ಅದಕ್ಕೇ ಈಗ ಗುಲಾಬಿ ಮಾಸಿದ ಕೂಡಲೇ ಹಗಲಿನ ಸಾದಾ ಚಿತ್ರಕ್ಕೂ ಅತಿನೇರಳೆ ಸೂಚಿಗೂ ಬದಲಾಗುತ್ತೇನೆ. ಮರಳುಗಾಡಿನ ಮೇಲೆ ಒಂದು ಕಣ್ಣು, ಸಮುದ್ರದ ಮೇಲೆ ಇನ್ನೊಂದು.

ನೆಲದ ಸಾಕ್ಷಿ ಇಲ್ಲದೆ ಈಗ ಏನನ್ನೂ ಘೋಷಿಸುವುದಿಲ್ಲ. ಬಜಪೆ ವಿಮಾನ ನಿಲ್ದಾಣದ ಹವಾಮಾನ ವರದಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಎಷ್ಟು ಮೀಟರ್ ದೂರ ಕಾಣುತ್ತಿದೆ ಎಂಬ ಅಂಕಿಯ ಪಕ್ಕ ಎಚ್‌ಜೆಡ್ ಎಂದಿದ್ದರೆ ಒಣ ಮಬ್ಬು, ಎಫ್‌ಯು ಎಂದಿದ್ದರೆ ಹೊಗೆ, ಡಿಯು ಎಂದಿದ್ದರೆ ಹರಡಿದ ಧೂಳು. ಮಲ್ಪೆಯಲ್ಲಿ ಮೀನಿಗೆ ಹೋದಾಗ ಸೇಂಟ್ ಮೇರಿಸ್ ದ್ವೀಪದ ತೆಂಗಿನ ತಲೆಗಳು ಬಿಡಿಬಿಡಿಯಾಗಿ ಕಾಣುತ್ತವೆಯೇ ಎಂದು ನೋಡುತ್ತೇನೆ. ಎಲ್ಲಕ್ಕಿಂತ ಹೆಚ್ಚು ನಂಬುವುದು ಹಳೆಯ ಬಿಳಿ ಮುಂಡಿನ ತುಂಡನ್ನು. ಒದ್ದೆ ಮಾಡಿ ಪ್ಯಾನಲಿನ ಒಂದು ಮೂಲೆ ಒರೆಸಿ ನೆರಳಿನಲ್ಲಿ ಹಿಡಿದು ನೋಡಿದರೆ ಬಟ್ಟೆಯೇ ಹೇಳುತ್ತದೆ. ಇಟ್ಟಿಗೆಗೆಂಪಾಗಿ, ಬೆರಳಿಗೆ ದೊರಗಾಗಿ ಹತ್ತಿದರೆ ನಮ್ಮದೇ ಮುರಕಲ್ಲಿನ ಧೂಳು, ರಸ್ತೆಯ ಕೆಲಸ ಎಲ್ಲೋ ಹತ್ತಿರ ನಡೆದಿದೆ. ಕಪ್ಪಗೆ ಜಿಡ್ಡಾಗಿದ್ದರೆ ಮಸಿ. ಮಾಸಲು ಹಳದಿಯಾಗಿ, ಬೆರಳಿಗೆ ಗೊತ್ತೇ ಆಗದಷ್ಟು ನಯವಾಗಿ, ಮುಖಕ್ಕೆ ಹಾಕುವ ಪೌಡರಿನಂತಿದ್ದರೆ ದೂರದಿಂದ ಬಂದದ್ದು. ದೊಡ್ಡ ಕಣಗಳು ಹೊರಟ ಊರಿನ ಹತ್ತಿರವೇ ಉದುರಿಬಿಡುತ್ತವೆ. ಸಮುದ್ರ ದಾಟಿ ಬರುವುದು ಕೆಲವೇ ಮೈಕ್ರಾನಿನ ಹಗುರ ಪುಡಿ. ಕಡಲ ಬದಿಯ ಮನೆಗಳಲ್ಲಿ ಇದೆಲ್ಲದರ ಮೇಲೆ ಉಪ್ಪಿನ ಪೊರೆಯೂ ಇರುತ್ತದೆ, ಅದು ಬಟ್ಟೆಗೆ ಕಾಣದು, ನಾಲಗೆಗೆ ಗೊತ್ತಾಗುತ್ತದೆ. ನಾಲಗೆಗೆ ಹಚ್ಚಿ ನೋಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಮೊನ್ನೆ ಏಪ್ರಿಲ್‌ನಲ್ಲಿ ಭಾವನ ಫೋನ್ ಬಂತು. ಅದೇ ಸಂಜೆ ಟೀಚರ್ ಫೋನೂ ಬಂತು. ಅವರಿಗೆ ಈಗ ಯೂನಿಟ್ಟಿನ ಚಿಂತೆ ಇಲ್ಲ, ಹಲಸಿನ ಹಪ್ಪಳದ ಚಿಂತೆ. “ತಾರಸಿಯಲ್ಲಿ ಇನ್ನೂರು ಹಪ್ಪಳ ಹಾಕಿದ್ದೇನೆ. ನಿನ್ನ ಧೂಳು ಯಾವಾಗ ಬರುತ್ತದೆ ಹೇಳು, ತೆಗೆದುಬಿಡುತ್ತೇನೆ.” ಗುಲಾಬಿ ಒಮಾನ್ ದಾಟಿತ್ತು. ಹೈಸ್ಪ್ಲಿಟ್‌ನಲ್ಲಿ ಈ ಸಲ ಅಲ್ಲಿಂದ ಮುಂದಕ್ಕೆ ಗೆರೆ ಎಳೆಸಿದೆ; 1,500 ಮೀಟರಿನದು ನಮ್ಮ ಕಡೆಗೇ ತಿರುಗಿತ್ತು. ಶುಕ್ರವಾರ ಬೆಳಗ್ಗೆ ಎಂದೆ. ಗುರುವಾರ ಸಂಜೆ ತೆಗೆಯಿರಿ ಎಂದೆ.

ಬಂದದ್ದು ಗುರುವಾರ ಮಧ್ಯಾಹ್ನ. ನಾನು ಕಾಪುವಿನಲ್ಲಿ ಏಣಿ ಮೇಲಿದ್ದೆ, ದೀಪಸ್ತಂಭ ಕಣ್ಣೆದುರೇ ಮಂಕಾಯಿತು. ಫೋನ್ ಮಾಡುವಷ್ಟರಲ್ಲಿ ಟೀಚರ್ ಹಪ್ಪಳ ಎತ್ತುತ್ತಾ ನನಗೆ ಬೈಯುತ್ತಿದ್ದರು. ಭಾನುವಾರ ಅವರ ಮನೆಗೆ ಹೋದಾಗ ನಾಲ್ಕು ಹಪ್ಪಳ ಕೆಂಡದಲ್ಲಿ ಸುಟ್ಟು ತೆಂಗಿನೆಣ್ಣೆ ಸವರಿ ಮುಂದಿಟ್ಟರು. ಮೊದಲನೆಯದು ಬಾಯಲ್ಲಿ ಸಣ್ಣಗೆ ಕರಕರ ಎಂದಿತು. ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು.

“ದಮ್ಮಾಮಿನದ್ದಾ?”

“ಅಲ್ಲ ಟೀಚರ್, ಅದು ಹಲ್ಲಿಗೆ ಗೊತ್ತೇ ಆಗುವುದಿಲ್ಲ. ಕರಕರ ಎಂದರೆ ನಿಮ್ಮ ಎದುರಿನ ರಸ್ತೆಯದ್ದು.”